ಪ್ರಾರ್ಥನೆ ಆ್ಯಪ್‌ಗಳಿಗೆ ಜಾಹೀರಾತು ಮಾಡಿಕೊಡುವ ಏಜೆನ್ಸಿ: ಯಾವ ಸೇವೆ ತಗೊಳ್ಳಬಹುದು, ಯಾವುದು ಬೇಡ

ಪ್ರಾರ್ಥನೆ, ಧ್ಯಾನ, ಗ್ರಂಥ ಪಠಣ, ಇಂಥ ಆ್ಯಪ್‌ಗಳಿಗೆ ಮಾತ್ರ ಜಾಹೀರಾತು ಮಾಡಿಕೊಡುತ್ತೇವೆ ಅನ್ನುವ ಏಜೆನ್ಸಿಗಳು ಈಗ ಇವೆ. ಅಂಥ ಒಂದರ ಸೇವೆಯನ್ನು ನಮ್ಮ ಪುಟ್ಟ ತಂಡ ತಗೊಂಡಿತ್ತು. ಹೆಸರು ಹೇಳುವುದಿಲ್ಲ. ನನ್ನ ದೂರುಗಳು ಅವರೊಬ್ಬರ ಮೇಲೆ ಮಾತ್ರ ಅಲ್ಲ, ನಾವು ವಿಚಾರಿಸಿದ ಬೇರೆಯವರೂ ಹೆಚ್ಚುಕಡಿಮೆ ಇದೇ ಪ್ಯಾಕೇಜನ್ನು ಇದೇ ಮಾತಿನಲ್ಲಿ ಮಾರಲು ಬಂದಿದ್ದರು. ನಮ್ಮ ಆ್ಯಪ್ ಸರಳವಾದದ್ದು: ಬೆಳಗ್ಗೆ ಸಂಜೆಯ ಪ್ರಾರ್ಥನೆ, ಅದರ ಆಡಿಯೊ, ದಿನಕ್ಕೊಂದು ಗ್ರಂಥದ ಭಾಗ, ಬೇಕು ಅಂದವರಿಗೆ ಒಂದು ಜ್ಞಾಪನೆ. ಅಷ್ಟೇ.

ಪ್ಯಾಕೇಜಿನಲ್ಲಿ ಮೂರು ಭಾಗ ಇತ್ತು. ಆ್ಯಪ್ ಸ್ಟೋರಿನಲ್ಲಿ ಕಾಣುವ ನಮ್ಮ ಪುಟವನ್ನು ತಿದ್ದಿಕೊಡುವುದು ಒಂದು. ಸೋಶಿಯಲ್ ಮೀಡಿಯಾದಲ್ಲಿ, ಹುಡುಕಾಟದಲ್ಲಿ ಜಾಹೀರಾತು ಓಡಿಸುವುದು ಎರಡು. ಇನ್‌ಸ್ಟಾಲ್ ಮಾಡಿದವರು ಬಿಟ್ಟುಹೋಗದ ಹಾಗೆ ಹಿಡಿದಿಡುವುದು ಮೂರು, ಅದಕ್ಕೆ ಅವರು ಕೊಟ್ಟ ಹೆಸರು ರಿಟೆನ್ಷನ್. ಮೊದಲೇ ಹೇಳಿಬಿಡುತ್ತೇನೆ. ಒಂದನೆಯದನ್ನು ಧೈರ್ಯವಾಗಿ ತಗೊಳ್ಳಿ, ಎರಡನೆಯದನ್ನು ಪಕ್ಕದಲ್ಲೇ ಕೂತು ಮಾಡಿಸಿ, ಮೂರನೆಯದು ಬೇಡ. ಯಾಕೆ ಅಂತ ವಿವರವಾಗಿ ಬರೆಯುತ್ತೇನೆ.

ಸ್ಟೋರ್ ಪುಟದ ಕೆಲಸ ನಿಜಕ್ಕೂ ಚೆನ್ನಾಗಿತ್ತು. ನಮ್ಮ ಹಳೆಯ ಪುಟದಲ್ಲಿ ಮೊದಲ ಚಿತ್ರ ಬಂಗಾರದ ಬೆಳಕು, ಮೋಡ, ಜೋಡಿಸಿದ ಕೈಗಳು. ನೋಡಲು ಚೆಂದ, ಆದರೆ ಆ್ಯಪ್ ಒಳಗೆ ಏನಿದೆ ಅಂತ ಅದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಅದನ್ನು ತೆಗೆಸಿ, ಸಂಜೆಯ ಪ್ರಾರ್ಥನೆ ತೆರೆದಿರುವ ನಿಜವಾದ ಪುಟದ ಸ್ಕ್ರೀನ್‌ಶಾಟ್ ಹಾಕಿಸಿದರು. ಅಕ್ಷರ ದೊಡ್ಡದಾಗಿ, ಆಡಿಯೊ ಬಟನ್ ಕಾಣುವ ಹಾಗೆ. ಎರಡನೆಯ ಚಿತ್ರದಲ್ಲಿ 'ಇಂಟರ್ನೆಟ್ ಇಲ್ಲದಿದ್ದರೂ ಕೇಳಬಹುದು' ಅನ್ನುವ ಒಂದೇ ಸಾಲು. ಈ ಬದಲಾವಣೆ ಆದಮೇಲೆ ಬಂದ ರಿವ್ಯೂಗಳಲ್ಲಿ 'ಅಂದುಕೊಂಡದ್ದು ಬೇರೆ, ಸಿಕ್ಕಿದ್ದು ಬೇರೆ' ಅನ್ನುವ ದೂರು ಕಡಿಮೆಯಾಯಿತು. ಹೊಸಬರನ್ನು ಕರೆತರುವುದಕ್ಕಿಂತ ತಪ್ಪು ನಿರೀಕ್ಷೆ ಇಟ್ಟುಕೊಂಡು ಬಂದವರನ್ನು ಕಳೆದುಕೊಳ್ಳದಿರುವುದು ನಮ್ಮಂಥವರಿಗೆ ಜಾಸ್ತಿ ಮುಖ್ಯ.

ಕೀವರ್ಡ್, ಅಂದರೆ ಜನ ಹುಡುಕುವಾಗ ಬರೆಯುವ ಪದ, ಅದನ್ನು ಆರಿಸುವುದರಲ್ಲೂ ಅವರಿಗೆ ಕೈ ಪಳಗಿತ್ತು. ನಾವು ಧರ್ಮದ ಹೆಸರು, ಗ್ರಂಥದ ಹೆಸರು, ಇಂಥ ದೊಡ್ಡ ದೊಡ್ಡ ಪದಗಳ ಹಿಂದೆ ಬಿದ್ದಿದ್ದೆವು. ಆ ಪದಗಳಿಗೆ ದೊಡ್ಡ ಆ್ಯಪ್‌ಗಳು ಮೊದಲೇ ಕೂತಿರುತ್ತವೆ, ಜಾಹೀರಾತಿನ ಜಾಗ ಅಲ್ಲಿ ಹರಾಜಿನಲ್ಲಿ ಹೋಗುತ್ತದೆ, ಆ ಹರಾಜಿನಲ್ಲಿ ನಮ್ಮ ಬಜೆಟ್ ನಿಲ್ಲುವುದೇ ಇಲ್ಲ. ಇವರು ಜನ ಕಷ್ಟದಲ್ಲಿ ಏನಂತ ಹುಡುಕುತ್ತಾರೆ ಅಂತ ನೋಡಿದರು. ನಿದ್ದೆ ಬಾರದಾಗ ಪ್ರಾರ್ಥನೆ. ಪರೀಕ್ಷೆಗೆ ಮುಂಚೆ ಪ್ರಾರ್ಥನೆ. ಆಸ್ಪತ್ರೆಯಲ್ಲಿ ಇರುವವರಿಗಾಗಿ ಪ್ರಾರ್ಥನೆ. ಹೀಗೆ ಹುಡುಕುವವರು ಬಂದರೆ ಅವರಿಗೆ ಬೇಕಾದದ್ದು ನಮ್ಮ ಹತ್ತಿರ ಇದ್ದೇ ಇತ್ತು, ನಾವು ಅದನ್ನು ಪುಟದ ಮೇಲೆ ಹೇಳಿರಲಿಲ್ಲ ಅಷ್ಟೇ.

ಇನ್ನೊಂದು ವಿಷಯಕ್ಕೆ ಅವರನ್ನು ಮನಸಾರೆ ಹೊಗಳಬೇಕು. ಸ್ಟೋರ್ ಪುಟದಲ್ಲಿ, ಜಾಹೀರಾತಿನಲ್ಲಿ ಹಾಕುವ ಪ್ರತಿಯೊಂದು ಗ್ರಂಥದ ಸಾಲನ್ನೂ ಆ ವಿಷಯ ಬಲ್ಲವರಿಗೆ ತೋರಿಸಿ, ಸರಿ ಅನ್ನಿಸಿಕೊಂಡು ಬರಲು ನಮಗೇ ಹೇಳಿದರು. ಆಪಲ್‌ನ ಆ್ಯಪ್ ಸ್ಟೋರ್ ನಿಯಮಗಳಲ್ಲಿ 1.1.5 ಅನ್ನುವ ಒಂದು ಅಂಶ ಇದೆ. ಧರ್ಮದ ಬಗ್ಗೆ ಕೆರಳಿಸುವ ಮಾತು, ಧರ್ಮಗ್ರಂಥಗಳ ತಪ್ಪು ಅಥವಾ ದಾರಿ ತಪ್ಪಿಸುವ ಉದ್ಧರಣೆ, ಇವೆರಡೂ ಅಲ್ಲಿ ನಿಷಿದ್ಧ. ನಿಯಮದ ಮಾತು ಬಿಡಿ. ಶ್ರದ್ಧೆಯಿಂದ ಓದುವವರು ಒಂದು ತಪ್ಪಾದ ಸಾಲು ನೋಡಿದರೆ ಆ ಆ್ಯಪನ್ನು ಮತ್ತೆ ಯಾವತ್ತೂ ನಂಬುವುದಿಲ್ಲ, ಮತ್ತು ಅದು ಸರಿಯೇ.

ಇನ್ನು ಜಾಹೀರಾತಿನ ಭಾಗ. ಇಲ್ಲಿ ಅವರು ಮೊದಲ ದಿನವೇ ಒಂದು ಸತ್ಯ ಹೇಳಿದರು, ಅದು ನನಗೆ ಇಷ್ಟವಾಯಿತು: ಜನರನ್ನು ಅವರ ಧರ್ಮದ ಲೆಕ್ಕದಲ್ಲಿ ಆರಿಸಿ ಜಾಹೀರಾತು ತೋರಿಸಲು ಈಗ ಆಗುವುದಿಲ್ಲ. 2022ರ ಜನವರಿ 19ರಿಂದ ಮೆಟಾ ತನ್ನ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಧಾರ್ಮಿಕ ಆಚರಣೆ, ಧಾರ್ಮಿಕ ಗುಂಪುಗಳಿಗೆ ಸಂಬಂಧಿಸಿದ ಟಾರ್ಗೆಟಿಂಗ್ ಆಯ್ಕೆಗಳನ್ನು ತೆಗೆದುಹಾಕಿತು. ಗೂಗಲ್‌ನ ಜಾಹೀರಾತು ನೀತಿಯೂ ಧಾರ್ಮಿಕ ನಂಬಿಕೆಯ ಆಧಾರದ ಮೇಲೆ ಜನರನ್ನು ಆರಿಸಲು ಬಿಡುವುದಿಲ್ಲ. ಯುರೋಪಿನಲ್ಲಂತೂ ಧಾರ್ಮಿಕ ನಂಬಿಕೆ ಜಿಡಿಪಿಆರ್ ಅನ್ನುವ ಖಾಸಗಿ ಮಾಹಿತಿ ರಕ್ಷಣೆಯ ಕಾನೂನಿನ 9ನೇ ವಿಧಿಯಲ್ಲಿ ವಿಶೇಷ ರಕ್ಷಣೆ ಇರುವ ಮಾಹಿತಿ, ಅಂಥ ಮಾಹಿತಿಯಿಂದ ಪ್ರೊಫೈಲ್ ಕಟ್ಟಿ ವೇದಿಕೆಗಳು ಜಾಹೀರಾತು ತೋರಿಸುವುದನ್ನು ಅಲ್ಲಿನ ಡಿಜಿಟಲ್ ಸೇವೆಗಳ ಕಾನೂನು ನಿಷೇಧಿಸಿದೆ. 'ನಿಮ್ಮ ಧರ್ಮದವರಿಗಷ್ಟೇ ತೋರಿಸುತ್ತೇವೆ' ಅಂತ ಯಾರಾದರೂ ನಿಮಗೆ ಮಾರಲು ಬಂದರೆ, ಮಾತು ಅಲ್ಲಿಗೇ ಮುಗಿಸಿ.

ಹಾಗಾದರೆ ಸರಿಯಾದ ಜನ ಸಿಗುವುದು ಹೇಗೆ? ಜಾಹೀರಾತು ತಾನೇ ಆ ಕೆಲಸ ಮಾಡಬೇಕು. ಪ್ರಾರ್ಥನೆಯ ಮೊದಲ ಸಾಲು ಕೇಳಿಸಿದರೆ, ಅದು ಗೊತ್ತಿರುವವರು ನಿಲ್ಲುತ್ತಾರೆ, ಗೊತ್ತಿಲ್ಲದವರು ಮುಂದೆ ಹೋಗುತ್ತಾರೆ. ನಮ್ಮ ಅತಿ ಚೆನ್ನಾಗಿ ನಡೆದ ಜಾಹೀರಾತು ಹಾಗೇ ಇತ್ತು. ಸಂಗೀತದ ಅಬ್ಬರ ಇಲ್ಲ, ಮುಖ ಇಲ್ಲ, ಒಂದು ಧ್ವನಿ ನಿಧಾನವಾಗಿ ಪಠಿಸುತ್ತದೆ, ಪರದೆಯ ಮೇಲೆ ಅದೇ ಸಾಲುಗಳು ಬರುತ್ತವೆ. ಏಜೆನ್ಸಿಯವರು ಅದರ ಪಕ್ಕದಲ್ಲಿ ಇನ್ನೊಂದನ್ನೂ ಮಾಡಿದ್ದರು: ಅಳುತ್ತಿರುವ ಒಬ್ಬ ಹೆಂಗಸು, ಆಮೇಲೆ ಫೋನು, ಆಮೇಲೆ ನಗು. ಕ್ಲಿಕ್ ಅದಕ್ಕೇ ಜಾಸ್ತಿ ಬಂತು. ಆದರೆ ಹಾಗೆ ಬಂದವರು ಬೇಗ ಬಿಟ್ಟೂ ಹೋದರು. ಅಳು ನಿಲ್ಲಿಸುವ ಭರವಸೆಯನ್ನು ಯಾವ ಆ್ಯಪ್ ಕೊಡಬಲ್ಲದು ಹೇಳಿ. ನಾವು ಅದನ್ನು ನಿಲ್ಲಿಸಲು ಹೇಳಿದೆವು, ಸ್ವಲ್ಪ ವಾದ ಆಯಿತು, ಕೊನೆಗೆ ನಿಲ್ಲಿಸಿದರು.

ಬರೆಯುವ ಮಾತಿನಲ್ಲೂ ಒಂದು ಎಚ್ಚರ ಬೇಕು. ಮೆಟಾದ ನಿಯಮದಂತೆ ಜಾಹೀರಾತು ಓದುವವರ ಧರ್ಮ ತನಗೆ ಗೊತ್ತು ಅನ್ನುವ ಹಾಗೆ ಮಾತಾಡಬಾರದು. 'ನೀವು ಇಂಥ ಧರ್ಮದವರಾ?' ಅಂತ ಶುರುವಾದರೆ ತಿರಸ್ಕಾರ ಖಂಡಿತ. ಆ್ಯಪಿನಲ್ಲಿ ಏನಿದೆ ಅಂತ ಹೇಳಬಹುದು, ಓದುವವರು ಯಾರು ಅಂತ ಹೇಳುವ ಹಾಗಿಲ್ಲ. ಇದು ನಿಯಮವಾಗಿ ಬಂದಿದ್ದರೂ ಒಳ್ಳೆಯ ನಡತೆಯೂ ಹೌದು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೂ ಕಾಣುವ ಪರದೆಯ ಮೇಲೆ ಒಬ್ಬರ ನಂಬಿಕೆಯನ್ನು ಹೀಗೆ ಎತ್ತಿ ತೋರಿಸಿದರೆ ಅವರಿಗೆ ಹೇಗನ್ನಿಸಬೇಡ?

ಈಗ ಜಗಳದ ವಿಷಯ. ಕ್ಯಾಂಪೇನ್ ಚೆನ್ನಾಗಿ ನಡೆಯಬೇಕು ಅಂದರೆ ನಮ್ಮ ಬಳಕೆದಾರರ ಇಮೇಲ್, ಫೋನ್ ನಂಬರ್ ಪಟ್ಟಿ ಕೊಡಿ, ಅದನ್ನು ಅಪ್‌ಲೋಡ್ ಮಾಡಿ ಅವರಂಥ ಇನ್ನಷ್ಟು ಜನರನ್ನು ಹುಡುಕುತ್ತೇವೆ ಅಂದರು. ಲುಕ್‌ಅಲೈಕ್ ಅಂತ ಇದರ ಹೆಸರು. ಶೂ ಮಾರುವ ಆ್ಯಪಿಗೆ ಇದು ಮಾಮೂಲಿ ಕೆಲಸ ಇರಬಹುದು. ಪ್ರಾರ್ಥನೆ ಆ್ಯಪಿನ ಪಟ್ಟಿ ಅಂದರೆ ಇಷ್ಟು ಜನ ಇಂಥ ನಂಬಿಕೆಯವರು ಅನ್ನುವ ಪಟ್ಟಿ. ಹೆಸರು ಬೇಡ, ನಂಬರನ್ನು ಗುಪ್ತ ಸಂಕೇತ ಮಾಡಿಯೇ ಕಳಿಸುತ್ತೇವೆ ಅಂದರು. ಆದರೆ ಅದೇ ಸಂಕೇತವನ್ನು ತನ್ನ ಹತ್ತಿರ ಇರುವ ನಂಬರ್‌ಗಳಿಗೆ ಹೊಂದಿಸಿ ನೋಡಿಯೇ ಆ ಕಂಪನಿ ಆ ಜನರನ್ನು ಗುರುತಿಸುವುದು, ಇಲ್ಲದಿದ್ದರೆ ಈ ಉಪಾಯ ಕೆಲಸವೇ ಮಾಡುವುದಿಲ್ಲ. ನಾವು ಕೊಡಲಿಲ್ಲ. ಕೊಡದೆಯೂ ಜಾಹೀರಾತು ನಡೆಯಿತು, ಸ್ವಲ್ಪ ನಿಧಾನವಾಗಿ.

ಅದಕ್ಕಿಂತ ದೊಡ್ಡ ತಕರಾರು ಎಸ್‌ಡಿಕೆ ಬಗ್ಗೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಎಸ್‌ಡಿಕೆ ಅಂದರೆ ಬೇರೆ ಕಂಪನಿ ಬರೆದ ಕೋಡಿನ ತುಂಡು, ಅದನ್ನು ನಮ್ಮ ಆ್ಯಪ್ ಒಳಗೆ ಸೇರಿಸುತ್ತೇವೆ. ಯಾವ ಜಾಹೀರಾತಿನಿಂದ ಯಾರು ಬಂದರು ಅಂತ ಲೆಕ್ಕ ಇಡುತ್ತದೆ, ಜೊತೆಗೆ ಇನ್ನೂ ಏನೇನನ್ನೋ ಕಳಿಸುತ್ತಿರಬಹುದು. ಏಜೆನ್ಸಿ ಕೊಟ್ಟ ಪಟ್ಟಿಯಲ್ಲಿ ಇಂಥವು ಹಲವಾರು ಇದ್ದವು. ಅವುಗಳಲ್ಲಿ ಒಂದು ಲೊಕೇಶನ್ ಅನುಮತಿಯನ್ನೂ ಕೇಳುತ್ತಿತ್ತು. ಯಾಕೆ ಅಂದರೆ 'ಹತ್ತಿರದ ಪ್ರಾರ್ಥನಾ ಸ್ಥಳ ತೋರಿಸುವ ಸೌಲಭ್ಯ ಮುಂದೆ ಸೇರಿಸಬಹುದಲ್ಲ' ಅನ್ನುವ ಉತ್ತರ. ಇಲ್ಲದ ಸೌಲಭ್ಯಕ್ಕೆ ಈಗಲೇ ಅನುಮತಿ!

ಇದರಲ್ಲಿ ಏನಾಗಬಹುದು ಅನ್ನುವುದಕ್ಕೆ ಊಹೆ ಬೇಕಿಲ್ಲ. ಮುಸ್ಲಿಂ ಪ್ರೊ ಅನ್ನುವುದು ನಮಾಜಿನ ಸಮಯ, ದಿಕ್ಕು ತೋರಿಸುವ, ಜಗತ್ತಿನಾದ್ಯಂತ ಬಹಳ ಜನ ಬಳಸುವ ಆ್ಯಪ್. ಅದು ಎಕ್ಸ್-ಮೋಡ್ ಅನ್ನುವ ಕಂಪನಿಗೆ ಬಳಕೆದಾರರ ಲೊಕೇಶನ್ ಮಾಹಿತಿ ಕಳಿಸುತ್ತಿತ್ತು, ಆ ಕಂಪನಿ ಮಾಹಿತಿಯನ್ನು ಗುತ್ತಿಗೆದಾರರಿಗೆ ಮಾರುತ್ತಿತ್ತು, ಅವರ ಮೂಲಕ ಅದು ಅಮೆರಿಕದ ಸೇನೆಯವರೆಗೂ ಹೋಗುತ್ತಿತ್ತು ಅಂತ 2020ರ ನವೆಂಬರಿನಲ್ಲಿ ಮದರ್‌ಬೋರ್ಡ್ ಅನ್ನುವ ತಂತ್ರಜ್ಞಾನ ಸುದ್ದಿತಾಣ ವರದಿ ಮಾಡಿತು. ಸುದ್ದಿ ಬಂದ ಮೇಲೆ ಆ ಆ್ಯಪ್ ಎಕ್ಸ್-ಮೋಡ್ ಜೊತೆಗಿನ ಸಂಬಂಧ ಕಡಿದುಕೊಳ್ಳುತ್ತಿದ್ದೇನೆ ಅಂದಿತು. ಡಿಸೆಂಬರಿನಲ್ಲಿ ಆಪಲ್, ಗೂಗಲ್ ಎರಡೂ ಆ ಕೋಡನ್ನು ತೆಗೆಯಿರಿ ಅಂತ ಆ್ಯಪ್ ಮಾಡುವವರಿಗೆ ಹೇಳಿದವು. 2024ರ ಜನವರಿಯಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ಪ್ರಾರ್ಥನಾ ಸ್ಥಳಗಳೂ ಸೇರಿದಂಥ ಸೂಕ್ಷ್ಮ ಜಾಗಗಳ ಲೊಕೇಶನ್ ಮಾಹಿತಿಯನ್ನು ಮಾರಬಾರದು ಅಂತ ಅದೇ ಕಂಪನಿಯ ಮೇಲೆ ಆದೇಶ ತಂದಿತು. ಪ್ರಾರ್ಥನೆಯ ಸಮಯ ತಿಳಿಯಲು ಫೋನ್ ತೆಗೆದವರು ತಮ್ಮ ಓಡಾಟ ಯಾರ ಯಾರ ಕೈ ಸೇರುತ್ತದೆ ಅಂತ ಕನಸಿನಲ್ಲಾದರೂ ಎಣಿಸಿರುತ್ತಾರಾ? ಇದನ್ನು ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಹಾಗಾಗಿ ನಾವು ಏಜೆನ್ಸಿಗೆ ಒಂದೇ ಮಾತು ಹೇಳಿದೆವು: ಲೊಕೇಶನ್ ಬೇಡ, ಹಿಂಬಾಲಿಸುವುದೂ ಬೇಡ. ಐಫೋನಿನಲ್ಲಿ 2021ರ ಏಪ್ರಿಲ್‌ನಿಂದ, ಅಂದರೆ ಅದರ ಸಾಫ್ಟ್‌ವೇರ್ ಐಒಎಸ್‌ನ 14.5ನೇ ಆವೃತ್ತಿಯಿಂದ, ಬೇರೆ ಆ್ಯಪ್‌ಗಳಲ್ಲಿ ಬಳಕೆದಾರರನ್ನು ಹಿಂಬಾಲಿಸಬೇಕಾದರೆ ಕೇಳಿಯೇ ಮಾಡಬೇಕು. ಪ್ರಾರ್ಥನೆಗೆ ಕೂತವರ ಮುಂದೆ ಆ ಪ್ರಶ್ನೆಯ ಪೆಟ್ಟಿಗೆ ಬಂದರೆ ಅವರು 'ಬೇಡ' ಒತ್ತುವುದು ಒಂದು ಕಡೆ, ನಮ್ಮ ಮೇಲೆ ಅನುಮಾನ ಹುಟ್ಟುವುದು ಇನ್ನೊಂದು ಕಡೆ. ಆಪಲ್‌ನದೇ ಎಸ್‌ಕೆ-ಆ್ಯಡ್‌ನೆಟ್‌ವರ್ಕ್ ಅನ್ನುವ ವ್ಯವಸ್ಥೆ ಇದೆ. ಯಾವ ವ್ಯಕ್ತಿ ಅಂತ ಹೇಳದೆ ಯಾವ ಕ್ಯಾಂಪೇನ್‌ನಿಂದ ಇನ್‌ಸ್ಟಾಲ್ ಆಯಿತು ಅಂತ ಮಾತ್ರ, ಅದೂ ತಡವಾಗಿ, ಹೇಳುತ್ತದೆ. ಏಜೆನ್ಸಿಯವರಿಗೆ ಇದು ಇಷ್ಟ ಇರಲಿಲ್ಲ, ರಿಪೋರ್ಟ್ ಚೆಂದ ಕಾಣುವುದಿಲ್ಲ ಅಂದರು. ನಮ್ಮ ಗಾತ್ರದ ಕೆಲಸಕ್ಕೆ ಅದು ಸಾಕಾಗಿತ್ತು.

ಸಮಯದ ವಿಷಯಕ್ಕೆ ಬರುತ್ತೇನೆ, ಇದರಲ್ಲಿ ಅವರಿಂದ ಕಲಿತದ್ದು ಬಹಳ. ಮೊದಲ ಮೀಟಿಂಗಿನಲ್ಲೇ ಹ್ಯಾಲೊ ಆ್ಯಪಿನ ಕಥೆ ತೋರಿಸಿದರು. ಅದು ಕ್ಯಾಥೊಲಿಕ್ ಪ್ರಾರ್ಥನೆಯ ಆ್ಯಪ್. 2024ರ ಫೆಬ್ರವರಿ 11ರಂದು ಅಮೆರಿಕನ್ ಫುಟ್‌ಬಾಲಿನ ಫೈನಲ್ ಆದ ಸೂಪರ್ ಬೌಲ್ ಪಂದ್ಯದ ವೇಳೆ ನಟ ಮಾರ್ಕ್ ವಾಲ್‌ಬರ್ಗ್ ಇದ್ದ ಅದರ ಜಾಹೀರಾತು ಬಂತು. ಮೂರು ದಿನ ಬಿಟ್ಟು, 14ರಂದು, ಕ್ರೈಸ್ತರ ತಪಸ್ಸುಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸ, ಪ್ರಾರ್ಥನೆಯ ದಿನಗಳು, ಶುರು. ಆ ದಿನಗಳಲ್ಲೇ ಆಪಲ್ ಆ್ಯಪ್ ಸ್ಟೋರಿನ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೆ ಏರಿತು. ಇದನ್ನು ಕೇಳಿದವರು ಸಾಮಾನ್ಯವಾಗಿ 'ನಟ ಬಂದರು, ಗೆದ್ದರು' ಅಂತ ಅಂದುಕೊಳ್ಳುತ್ತಾರೆ. ನನಗೆ ಕಾಣುವುದು ಆ ಮೂರು ದಿನ. ಏನಾದರೂ ಶುರುಮಾಡಬೇಕು ಅಂತ ಜನ ಮನಸ್ಸಿನಲ್ಲಿ ಮೊದಲೇ ಅಂದುಕೊಂಡಿರುವ ಹೊತ್ತಿಗೆ ಜಾಹೀರಾತು ಬಂತು, ಆ್ಯಪ್ ಒಳಗೆ ಹೋದರೆ ಆ ಕಾಲಕ್ಕಂತಲೇ ಮಾಡಿದ ದಿನದಿನದ ಪ್ರಾರ್ಥನೆ ಸರಣಿ ಕಾದಿತ್ತು. ಜಾಹೀರಾತು ಕರೆದದ್ದಕ್ಕೂ ಒಳಗೆ ಸಿಕ್ಕಿದ್ದಕ್ಕೂ ಹೊಂದಿಕೆ ಇತ್ತು.

ಅಷ್ಟು ದುಡ್ಡು ನಮ್ಮಂಥವರ ಹತ್ತಿರ ಎಲ್ಲಿಂದ ಬರಬೇಕು. ಆದರೆ ಹೊತ್ತು ನೋಡುವುದಕ್ಕೆ ದುಡ್ಡು ಬೇಕಿಲ್ಲ. ಪವಿತ್ರ ದಿನಗಳು ಶುರುವಾದ ಮೇಲೆ ಜಾಹೀರಾತು ಹಾಕಿದರೆ ಎಲ್ಲರೂ ಒಟ್ಟಿಗೆ ಹರಾಜು ಕೂಗುತ್ತಿರುತ್ತಾರೆ, ಖರ್ಚು ಏರುತ್ತದೆ. ಸ್ವಲ್ಪ ಮುಂಚೆಯೇ ಸಣ್ಣದಾಗಿ ಶುರುಮಾಡಿ, ಹೊಸ ವಿಷಯ ಆ್ಯಪಿನಲ್ಲಿ ತಯಾರಿಟ್ಟು, ಸ್ಟೋರ್ ಪುಟದ ಚಿತ್ರವನ್ನೂ ಅದಕ್ಕೆ ತಕ್ಕಂತೆ ಬದಲಿಸಿ ಅಂತ ಏಜೆನ್ಸಿ ಹೇಳಿತು. ಹಾಗೇ ಮಾಡಿದೆವು, ಒಳ್ಳೆಯದಾಯಿತು. ದಿನದ ಹೊತ್ತೂ ಅಷ್ಟೇ. ಮುಂಜಾನೆ, ಮಲಗುವ ಮುಂಚೆ, ಈ ಎರಡು ಹೊತ್ತಿಗೆ ಬಜೆಟ್ ಇಟ್ಟು ಮಧ್ಯಾಹ್ನ ನಿಲ್ಲಿಸಿದ್ದು ಅವರದೇ ಐಡಿಯಾ.

ಇದಕ್ಕೆ ಪೂರ್ತಿ ಬೇರೆಯದೇ ದಾರಿ ಹಿಡಿದವರೂ ಇದ್ದಾರೆ, ಏಜೆನ್ಸಿ ಅವರ ಮಾತೇ ಎತ್ತಲಿಲ್ಲ. ಯುವರ್ಷನ್ ಬೈಬಲ್ ಆ್ಯಪ್ 2008ರಲ್ಲಿ, ಆಪಲ್‌ನ ಆ್ಯಪ್ ಸ್ಟೋರ್ ಶುರುವಾದಾಗಲೇ ಬಂದದ್ದು. ಲೈಫ್.ಚರ್ಚ್ ಅನ್ನುವ ಅಮೆರಿಕದ ಚರ್ಚ್ ಅದನ್ನು ನಡೆಸುತ್ತದೆ. ಪೂರ್ತಿ ಉಚಿತ, ಒಳಗೆ ಜಾಹೀರಾತು ಇಲ್ಲ, ದೇಣಿಗೆಯಿಂದ ನಡೆಯುತ್ತದೆ. 2021ರಲ್ಲಿ ಅದು 50 ಕೋಟಿ ಇನ್‌ಸ್ಟಾಲ್ ದಾಟಿತು. ಅದರ ನಿಜವಾದ ಪ್ರಚಾರ ಇರುವುದು ಆ್ಯಪ್ ಒಳಗೇ: ದಿನದ ವಚನವನ್ನು ಚಿತ್ರ ಮಾಡಿ ಗೆಳೆಯರಿಗೆ ಕಳಿಸಬಹುದು, ಓದುವ ಯೋಜನೆಯನ್ನು ಇಬ್ಬರು ಮೂವರು ಸೇರಿ ಶುರುಮಾಡಬಹುದು. ಒಬ್ಬರು ಇನ್ನೊಬ್ಬರನ್ನು ಕರೆಯುತ್ತಾರೆ. ದೊಡ್ಡ ಚರ್ಚಿನ ಬೆಂಬಲ ಎಲ್ಲರಿಗೂ ಇರುವುದಿಲ್ಲ, ನಿಜ. ಆದರೆ ಹಂಚಿಕೊಳ್ಳುವ ಒಂದು ಒಳ್ಳೆಯ ಬಟನ್ ಮಾಡಲು ಆ ಬೆಂಬಲ ಬೇಕಿಲ್ಲ. ನಾವು ನಮ್ಮ ಆ್ಯಪಿಗೆ ಅದನ್ನು ಸೇರಿಸಿದ್ದು ಏಜೆನ್ಸಿಯ ಸಲಹೆಯಿಂದಲ್ಲ, ಇದನ್ನು ನೋಡಿ. ಮನೆಯವರು ಕಳಿಸಿದ ಪ್ರಾರ್ಥನೆಯಿಂದ ಬಂದವರು ಜಾಹೀರಾತಿನಿಂದ ಬಂದವರಿಗಿಂತ ಜಾಸ್ತಿ ಕಾಲ ಉಳಿಯುವುದು ಕಣ್ಣಿಗೇ ಕಾಣುತ್ತಿತ್ತು.

ಮೂರನೆಯ ಭಾಗ, ರಿಟೆನ್ಷನ್. ಇಲ್ಲಿ ನನಗೆ ತಾಳ್ಮೆ ಇಲ್ಲ.

ಅವರು ಬರೆದುಕೊಟ್ಟ ನೋಟಿಫಿಕೇಶನ್‌ಗಳನ್ನು ಓದಿ: 'ಮೂರು ದಿನದಿಂದ ನೀವು ದೇವರನ್ನು ಮರೆತಿದ್ದೀರಿ.' 'ದೇವರು ನಿಮಗಾಗಿ ಕಾಯುತ್ತಿದ್ದಾನೆ, ಈಗಲೇ ತೆರೆಯಿರಿ.' 'ನಿಮ್ಮ ಪ್ರಾರ್ಥನೆಯ ಸರಪಳಿ ಇವತ್ತು ಮುರಿಯುತ್ತದೆ.' ದೇವರ ಹೆಸರಿನಲ್ಲಿ ಮಾತಾಡಲು ಒಂದು ಆ್ಯಪಿಗೆ ಯಾರು ಅಧಿಕಾರ ಕೊಟ್ಟರು? ಮನೆಯಲ್ಲಿ ಯಾರಿಗೋ ಕಾಯಿಲೆ, ಯಾರೋ ತೀರಿಕೊಂಡಿದ್ದಾರೆ, ಅಂಥವರ ಫೋನಿಗೆ ಈ ಸಾಲು ಬಂದರೆ ಏನಾಗಬೇಡ. ಇದಕ್ಕೆ 'ಎಮೋಷನಲ್ ಟ್ರಿಗರ್' ಅಂತ ಹೆಸರಿಟ್ಟು ರಿಪೋರ್ಟಿನಲ್ಲಿ ಬರೆದಿದ್ದರು. ನಾವು ಒಂದನ್ನೂ ಹಾಕಲಿಲ್ಲ.

ಲೆಕ್ಕದ ದೃಷ್ಟಿಯಿಂದಲೂ ಇದು ಕೆಟ್ಟ ಉಪಾಯ. ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್ ಕಳಿಸಲು ಬಳಕೆದಾರರ ಅನುಮತಿ ಬೇಕು, ಐಫೋನಿನಲ್ಲಿ ಅದು ಮೊದಲಿಂದಲೂ ಇದೆ. ಒಮ್ಮೆ ಬೇಸರವಾಗಿ ಆಫ್ ಮಾಡಿದವರು ಮತ್ತೆ ಆನ್ ಮಾಡುವುದು ಅಪರೂಪ. ಆಗ ನಿಜವಾಗಿ ಬೇಕಾದ ಪ್ರಾರ್ಥನೆಯ ಜ್ಞಾಪನೆಯೂ ಹೋಗುವುದಿಲ್ಲ. ಪ್ರಚಾರದ ನೋಟಿಫಿಕೇಶನ್ ಕಳಿಸಬೇಕಾದರೆ ಅದಕ್ಕೆ ಬೇರೆಯಾಗಿ ಒಪ್ಪಿಗೆ ಪಡೆಯಬೇಕು ಅಂತ ಆಪಲ್‌ನ ನಿಯಮವೇ ಹೇಳುತ್ತದೆ. ನಮ್ಮದರಲ್ಲಿ ಈಗ ಇರುವುದು ಇಷ್ಟು: ಯಾವ ಹೊತ್ತಿಗೆ ಜ್ಞಾಪನೆ ಬೇಕು ಅಂತ ಬಳಕೆದಾರರೇ ಆರಿಸುತ್ತಾರೆ, ಆ ಹೊತ್ತಿಗೆ ಅವತ್ತಿನ ಪ್ರಾರ್ಥನೆಯ ಹೆಸರು ಬರುತ್ತದೆ. ಕೆಲವು ದಿನ ತೆರೆಯದಿದ್ದರೆ ಆ್ಯಪ್ ಸುಮ್ಮನಿರುತ್ತದೆ. ಮರಳಿ ಬಂದಾಗ ಎಷ್ಟು ದಿನ ತಪ್ಪಿತು ಅಂತ ಲೆಕ್ಕ ಒಪ್ಪಿಸುವುದಿಲ್ಲ.

ಇದೇ ಪ್ಯಾಕೇಜಿನಲ್ಲಿ ಆದಾಯದ ಸಲಹೆಯೂ ಇತ್ತು: ಪ್ರಾರ್ಥನೆ ಶುರುವಾಗುವ ಮುಂಚೆ ಪರದೆ ತುಂಬುವ ಜಾಹೀರಾತು ತೋರಿಸಿ ಅಂತ. ಗೂಗಲ್ ಪ್ಲೇ 2022ರ ಸೆಪ್ಟೆಂಬರ್ 30ರಿಂದಲೇ, ಬಳಕೆದಾರರು ಬೇರೇನೋ ಮಾಡಲು ಹೊರಟಾಗ ಅನಿರೀಕ್ಷಿತವಾಗಿ ಅಡ್ಡಬರುವ ಇಂಥ ಜಾಹೀರಾತುಗಳನ್ನು ಬೇಡ ಅಂದಿದೆ, 15 ಸೆಕೆಂಡಾದರೂ ಮುಚ್ಚಲು ಬಿಡದವೂ ಅದರಲ್ಲಿ ಸೇರಿವೆ. ಈ ಕೆಲಸವನ್ನೇ ವೃತ್ತಿ ಮಾಡಿಕೊಂಡವರಿಗೆ ಇದು ಗೊತ್ತಿರಬೇಡವೇ? ಜಾಹೀರಾತಿನಿಂದಲೇ ಆ್ಯಪ್ ನಡೆಸಬೇಕಾದ ಸ್ಥಿತಿ ಇದ್ದರೆ, ಪಟ್ಟಿ ತೋರಿಸುವ ಪುಟದ ಕೆಳಗೊಂದು ಸಣ್ಣ ಬ್ಯಾನರ್ ಇಡಿ, ಪ್ರಾರ್ಥನೆಯ ಪುಟವನ್ನು ಖಾಲಿ ಬಿಡಿ. ಆ್ಯಪ್ ಒಳಗೆ ಜಾಹೀರಾತು ತೋರಿಸುವ ಗೂಗಲ್‌ನ ಸೇವೆ ಆ್ಯಡ್‌ಮಾಬ್‌ನಲ್ಲಿ ಡೇಟಿಂಗ್, ದಿಢೀರ್ ಶ್ರೀಮಂತರಾಗುವ ಸ್ಕೀಮು, ಇಂಥ ವಿಭಾಗಗಳನ್ನು ನಾವೇ ತಡೆಯಬಹುದು, ತಡೆಯಿರಿ. ತಡೆದರೂ ಅಲ್ಲೊಂದು ಇಲ್ಲೊಂದು ನುಸುಳುತ್ತದೆ, ಹಾಗಾಗಿ ಯಾವ ಜಾಹೀರಾತುಗಳು ಬರುತ್ತಿವೆ ಅಂತ ಆಗಾಗ ಕೂತು ನೋಡುವ ಕೆಲಸ ತಪ್ಪಿದ್ದಲ್ಲ.

ಉಳಿದ ಸಣ್ಣಪುಟ್ಟ ವಿಷಯ. ಫೋನ್ ಮಾಡಿದರೆ ಎತ್ತುತ್ತಾರೆ, ಮಾತು ಮೃದು. ನಮ್ಮ ಕೆಲಸ ನೋಡಿಕೊಂಡ ಹುಡುಗಿಗೆ ಪ್ರಾರ್ಥನೆ ಅಂದರೆ ಏನು ಅಂತ ಗೊತ್ತಿತ್ತು, ನಾವು ಬೇಡ ಅಂದಾಗ ಯಾಕೆ ಅಂತ ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಮೇಲಿನವರಿಗೆ ಹೇಳಬೇಕಾಯಿತು. ತಿಂಗಳ ರಿಪೋರ್ಟ್ ಇನ್‌ಸ್ಟಾಲ್ ಲೆಕ್ಕದಲ್ಲೇ ಶುರುವಾಗಿ ಅದರಲ್ಲೇ ಮುಗಿಯುತ್ತಿತ್ತು, ತಿಂಗಳಾದ ಮೇಲೆ ಎಷ್ಟು ಜನ ಇನ್ನೂ ಬಳಸುತ್ತಿದ್ದಾರೆ ಅನ್ನುವುದನ್ನು ಕೇಳಿ ಕೇಳಿ ಹಾಕಿಸಬೇಕಾಯಿತು. ಜಾಹೀರಾತು ಖಾತೆ ಶುರುವಿನಿಂದಲೂ ನಮ್ಮ ಹೆಸರಿನಲ್ಲೇ ಇತ್ತು, ಅವರಿಗೆ ಕೆಲಸ ಮಾಡುವ ಅನುಮತಿ ಮಾತ್ರ ಕೊಟ್ಟಿದ್ದೆವು. ಇದನ್ನು ಯಾರೇ ಆಗಲಿ ಬಿಡಬಾರದು, ಏಜೆನ್ಸಿ ಬದಲಿಸಿದರೆ ಹಳೆಯ ಲೆಕ್ಕವೆಲ್ಲ ನಿಮ್ಮ ಹತ್ತಿರವೇ ಉಳಿಯುತ್ತದೆ.

ಒಟ್ಟು 5ಕ್ಕೆ 3 ಕೊಡುತ್ತೇನೆ, ಸ್ಟೋರ್ ಪುಟದ ಕೆಲಸ ಒಂದಕ್ಕೇ ಆದರೆ 5 ಕೊಡುತ್ತಿದ್ದೆ. ನೀವು ಇಂಥ ಸೇವೆ ತಗೊಳ್ಳುವುದಿದ್ದರೆ ಸಹಿ ಹಾಕುವ ಮುಂಚೆ ಎರಡು ವಿಷಯ ಬರಹದಲ್ಲಿ ಕೇಳಿ: ನಮ್ಮ ಆ್ಯಪ್ ಒಳಗೆ ಯಾವ ಯಾವ ಎಸ್‌ಡಿಕೆ ಹಾಕಿಸುತ್ತೀರಿ, ಪ್ರತಿಯೊಂದೂ ಏನು ಮಾಹಿತಿ ಎಲ್ಲಿಗೆ ಕಳಿಸುತ್ತದೆ. ಮತ್ತೆ, ಇನ್‌ಸ್ಟಾಲ್ ಆದಮೇಲೆ ಜನರಿಗೆ ಕಳಿಸುವ ನೋಟಿಫಿಕೇಶನ್‌ಗಳ ಪೂರ್ತಿ ಪಟ್ಟಿ, ಮಾತಿಗೆ ಮಾತು. ನಮ್ಮ ಏಜೆನ್ಸಿ ಮೊದಲನೆಯದನ್ನು ಕೊಡಲು ಸತಾಯಿಸಿತು, ಎರಡನೆಯದನ್ನು ಹೆಮ್ಮೆಯಿಂದ ತಕ್ಷಣ ಕಳಿಸಿತು.